ಕುಂಬಾರ ಹುಳದ ವಾದ

ಮಾನ್ವಿಯ ನಮ್ಮ ಅತ್ತೆಯ ಮನೆಯಲ್ಲಿ ಯಾವ ಹುಳಕ್ಕೂ ತಾಯಿ ಇರಲಿಲ್ಲ. ಚೇಳು ಸಗಣಿಯಿಂದ ಹುಟ್ಟುತ್ತಿತ್ತು. ಹೇನು ಬೆವರಿನಿಂದ ಹುಟ್ಟುತ್ತಿತ್ತು. ಜೋಳದ ನುಸಿ ಕಾಳಿನೊಳಗಿಂದ ತಾನಾಗಿ ಎದ್ದು ಬರುತ್ತಿತ್ತು. ಮೊದಲ ಮಳೆಗೆ ಕಪ್ಪೆಗಳು ಮೋಡದಿಂದ ಬೀಳುತ್ತಿದ್ದವು. ನಾನು ಮದುವೆಯಾಗಿ ಹೋದ ಮೊದಲ ವರ್ಷವೇ ಇದನ್ನೆಲ್ಲ ನನಗೆ ತಿಳಿಸಿಕೊಟ್ಟರು. ಆಗ ನನಗೆ ಹದಿನಾರು. ಎಲ್ಲೋ ದೂರದಲ್ಲಿ ಯುದ್ಧ ನಡೆದಿತ್ತು, ಅದರಿಂದಾಗಿ ನಮ್ಮೂರಿನಲ್ಲಿ ಚಿಮಣಿ ಎಣ್ಣೆ ಸಿಗುತ್ತಿರಲಿಲ್ಲ.

ನಾನು ರಾಯಚೂರಿನವಳು. ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಏಳನೆಯ ಜಮಾತಿನವರೆಗೆ ಓದಿದ್ದೆ. ಪುಸ್ತಕವೆಲ್ಲ ಉರ್ದು. ಅದರಲ್ಲಿ ಒಂದೇ ಒಂದು ಪುಟದಲ್ಲಿ ಚಿಟ್ಟೆಯ ಚಿತ್ರವಿತ್ತು: ಎಲೆಯ ಮೇಲೆ ಮೊಟ್ಟೆ, ಮೊಟ್ಟೆಯಿಂದ ಹುಳ, ಹುಳದಿಂದ ಗೂಡು, ಗೂಡಿನಿಂದ ಚಿಟ್ಟೆ. ನನ್ನ ಪ್ರಾಣಿಶಾಸ್ತ್ರ ಅಷ್ಟೇ. ಆದರೆ ಆ ಒಂದು ಪುಟದ ಬಲದ ಮೇಲೆ ಇಡೀ ಮನೆಯವರ ಜೊತೆ ಜಗಳ ತೆಗೆಯುವಷ್ಟು ಸೊಕ್ಕು ನನಗಿತ್ತು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಮೊದಲನೆಯ ಜಗಳ ಹೇನಿನದು. ಅತ್ತೆ ನನ್ನ ತಲೆ ಬಾಚುತ್ತ ಕೂತಿದ್ದರು. ಒಂದು ಹೇನು ಸಿಕ್ಕಿತು.

"ರಾಯಚೂರಿನ ಸೆಕಿ ಇದು," ಅಂದರು. "ಬೆವರು ತಲ್ಯಾಗ ನಿಂತು ಹೇನಾಗ್ಯಾವ."

"ಬೆವರಿನಿಂದ ಹೆಂಗಾಗತಾವ ಅತ್ತಿ? ಸೀರು ಇರತಾವಲ್ಲ ಕೂದಲಿಗೆ. ಸೀರಂದ್ರ ಹೇನಿನ ತತ್ತಿ ಅಲ್ಲೇನು?"

"ಸೀರು ಬ್ಯಾರೆ, ಹೇನು ಬ್ಯಾರೆ. ಮನ್ಯಾಗ ತತ್ತಿ ಗಿತ್ತಿ ಅನಬ್ಯಾಡ."

ಹೀಗೆ. ಮಾತು ಶುರುವಾದಲ್ಲೇ ಮುಗಿಯುತ್ತಿತ್ತು. ಅವರೇನು ಕೆಟ್ಟವರಲ್ಲ. ಓದು ಬರಹ ಬಾರದವರು, ದಿನವಿಡೀ ಒಲೆಯ ಮುಂದೆ ಇಲ್ಲವೇ ಹಿತ್ತಲಲ್ಲಿ ಇರುವವರು, ಮೊಣಕಾಲು ನೋವಿನವರು. ಅವರ ಮಾತಿಗೆಲ್ಲ ಬೇರು ಪಡಸಾಲೆಯಲ್ಲಿತ್ತು. ಅಲ್ಲಿ ಮಾವನವರು ಕೂತಿರುತ್ತಿದ್ದರು.

ಮಾವನವರು ಸಂಸ್ಕೃತ ಓದಿದವರು. ಪ್ರಾಣದೇವರ ಗುಡಿಯಲ್ಲಿ ದಿನಾ ಸಂಜೆ ಪುರಾಣ ಹೇಳುತ್ತಿದ್ದರು. ಊರಲ್ಲಿ ಅವರಿಗೆ ದೊಡ್ಡ ಮರ್ಯಾದೆ. ಜೀವಿಗಳು ನಾಲ್ಕೇ ಬಗೆ ಎಂದು ಅವರು ಬೆರಳು ಮಡಚಿ ಎಣಿಸುತ್ತಿದ್ದರು: ಗರ್ಭದಿಂದ ಬಂದವು, ಮೊಟ್ಟೆಯಿಂದ ಬಂದವು, ನೆಲ ಸೀಳಿ ಬಂದವು, ಬೆವರು ಕೊಳೆಯಿಂದ ಬಂದವು. ಯೋನಿಗಳು ಎಂಬತ್ತನಾಲ್ಕು ಲಕ್ಷ, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ. ನೊಣ ಯಾವ ಬಗೆ, ತಿಗಣೆ ಯಾವ ಬಗೆ ಎಂದು ಕೇಳಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು. ಆದರೆ ಸೊಸೆ ಮಾವನ ಎದುರು ನಿಂತು ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ. ನಾನು ನಡುಮನೆಯ ಬಾಗಿಲ ಹಿಂದೆ ನಿಂತು ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು. ಅವರೂ ನಾನು ಕೇಳಿಸಿಕೊಳ್ಳುವ ಹಾಗೆಯೇ ಮಾತಾಡಿ, ಕೊನೆಗೆ "ಅಕೀಗೆ ಹೇಳು" ಅನ್ನುತ್ತಿದ್ದರು. ಮೂರು ಮೊಳ ದೂರದಲ್ಲಿ ನಾನು ನಿಂತಿರುತ್ತಿದ್ದೆ. ನನ್ನ ಮಾತು ಆ ಮೂರು ಮೊಳ ದಾಟುವುದರೊಳಗೆ ಬೇರೆ ಮಾತೇ ಆಗಿರುತ್ತಿತ್ತು. "ಚೇಳು ಸಗಣಿಯೊಳಗೆ ತಂಪಿಗೆ ಬಂದು ಕೂತಿರಬಹುದಲ್ಲ ಅಂತ ಕೇಳ್ರಿ" ಎಂದರೆ, ಅತ್ತೆ, "ಆಕಿಗೆ ಚೇಳಿನ ಹೆದರಿಕೆ ಅದ ಅಂತ" ಎಂದು ಹೇಳುತ್ತಿದ್ದರು.

ನನ್ನ ಗಂಡ ತಹಸೀಲ ಕಚೇರಿಯಲ್ಲಿ ಗುಮಾಸ್ತರು. ಅವರಿಗೆ ಹೇಳಿದರೆ, "ಚೇಳು ಎಲ್ಲಿಂದರೆ ಬರಲಿ, ಕಡಿಯದಿದ್ದರ ಸಾಕು" ಎಂದು ಮಗ್ಗುಲು ಬದಲಿಸುತ್ತಿದ್ದರು.

ಪಡಸಾಲೆಯ ಗೋಡೆಗೆ ಒಂದು ಉದ್ದನೆಯ ಹಲಗೆ ಹೊಡೆದು, ಅದರ ಮೇಲೆ ಮಾವನವರು ಪುಸ್ತಕಗಳನ್ನು ಇಟ್ಟಿದ್ದರು. ಆ ಹಲಗೆಯ ಕೆಳಮೈಗೆ ಕುಂಬಾರ ಹುಳ ಗೂಡು ಕಟ್ಟುತ್ತಿತ್ತು. ಸಣ್ಣ ಸೊಂಟದ, ಹಳದಿ ಕೆಂಪು ಪಟ್ಟೆಯ ಕಣಜ ಅದು. ಕೆರೆಯ ಕಡೆಯಿಂದ ಬಾಯಲ್ಲಿ ಹಸಿಮಣ್ಣು ತಂದು, ಅಡಿಕೆಯಷ್ಟು ದಪ್ಪನೆಯ ಗಡಿಗೆ ಮಾಡುತ್ತದೆ. ಆಮೇಲೆ ಹಸಿರು ಹುಳುಗಳನ್ನು ಹಿಡಿದು ತಂದು ಅದರೊಳಗೆ ತುರುಕಿ, ಬಾಯಿಗೆ ಮಣ್ಣು ಮೆತ್ತಿ ಹೋಗಿಬಿಡುತ್ತದೆ. ಮೂರು ನಾಲ್ಕು ವಾರ ಕಳೆದ ಮೇಲೆ ಗಡಿಗೆ ಒಡೆದು ಒಂದು ಹೊಸ ಕಣಜ ಹೊರಗೆ ಬರುತ್ತದೆ. ಒಳಗೆ ಹೋದದ್ದು ಹುಳ, ಹೊರಗೆ ಬಂದದ್ದು ಕಣಜ. ಇದು ಎಲ್ಲರಿಗೂ ಕಾಣುವಂಥದ್ದೇ.

ಮಾವನವರು ಆ ಗೂಡುಗಳನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅವು ಅವರ ಪುರಾಣದ ದೃಷ್ಟಾಂತ. ಕಣಜ ಹುಳವನ್ನು ಸೆರೆ ಹಾಕುತ್ತದೆ, ಹುಳ ಹೆದರಿಕೆಯಿಂದ ಹಗಲಿರುಳು ಕಣಜವನ್ನೇ ನೆನೆಯುತ್ತದೆ, ನೆನೆದೂ ನೆನೆದೂ ಅದರ ರೂಪವನ್ನೇ ಪಡೆಯುತ್ತದೆ. ಭಕ್ತ ದೇವರನ್ನು ಹಾಗೆ ನೆನೆಯಬೇಕು. ಅವರು ಇದನ್ನು ಹೇಳುವಾಗ ಗುಡಿಯಲ್ಲಿ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು.

ಇದೇ ಹುಳದ ಮೇಲೆ ಅವರಿಗೂ ದೇವದುರ್ಗದ ಒಬ್ಬ ವೈದ್ಯರಿಗೂ ಹಲವು ವರ್ಷಗಳ ವಾದ ನಡೆದಿತ್ತು. ವೈದ್ಯರು ಅದ್ವೈತಿ. ಇಬ್ಬರೂ ಹುಡುಗರಾಗಿದ್ದಾಗ ಒಂದೇ ಗುರುಗಳ ಹತ್ತಿರ ಓದಿದವರು. ಹುಳ ಕಣಜವೇ ಆಗಿಬಿಡುತ್ತದೆ, ಹಾಗೆಯೇ ಜೀವ ದೇವರೇ ಆಗುತ್ತದೆ ಎಂದು ವೈದ್ಯರು. ಹುಳ ಕಣಜದ ಹಾಗೆ ಆಗುತ್ತದೆ ಅಷ್ಟೇ, ಜೀವ ದೇವರ ಹತ್ತಿರ ಹೋದೀತು, ದೇವರಾಗಲಾರದು ಎಂದು ಮಾವನವರು. ಕಾರ್ಡಿನ ಮೇಲೆ ಕಾರ್ಡು ಬರೆಯುತ್ತಿದ್ದರು. ಕಾರ್ಡು ಬಂದ ದಿನ ಮಾವನವರಿಗೆ ಊಟ ರುಚಿಸುತ್ತಿರಲಿಲ್ಲ. ಇಬ್ಬರು ಪಂಡಿತರು, ನಲವತ್ತು ವರ್ಷದ ವಾದ, ತಲೆಯ ಮೇಲೆಯೇ ಗೂಡು. ಒಬ್ಬರಾದರೂ ಒಂದು ಗೂಡು ಒಡೆದು ನೋಡಬಾರದೇ? ಇದು ನೆನಪಾದರೆ ನನಗೆ ಈಗಲೂ ಹಲ್ಲು ಕಡಿಯುವ ಹಾಗಾಗುತ್ತದೆ.

ಶ್ರಾವಣದಲ್ಲಿ ಒಂದು ದಿನ ಕಸ ಹೊಡೆಯುವಾಗ ನನ್ನ ಕಸಬರಿಗೆ ತಾಗಿ ಒಂದು ಗೂಡು ಬಿತ್ತು. ಮಾವನವರು ಗುಡಿಗೆ ಹೋಗಿದ್ದರು. ಬೇಕೆಂದೇ ತಾಗಿಸಿದೆನೋ ಏನೋ, ಪ್ರಮಾಣ ಮಾಡಿ ಹೇಳಲಾರೆ. ಬಾಗಿ ನೋಡಿದೆ. ಆರೇಳು ಹಸಿರು ಹುಳುಗಳಿದ್ದವು. ಸತ್ತಿರಲಿಲ್ಲ, ಕಡ್ಡಿಯಿಂದ ಮುಟ್ಟಿದರೆ ತುಸು ಅಲುಗುತ್ತಿದ್ದವು, ಆದರೆ ತೆವಳುವ ಶಕ್ತಿ ಇರಲಿಲ್ಲ. ಗಡಿಗೆಯ ಚಾವಣಿಯ ಚೂರಿಗೆ ಕೂದಲಿಗಿಂತ ಸಣ್ಣದೊಂದು ದಾರ, ಆ ದಾರದ ತುದಿಗೆ ಹಳದಿ ಬಣ್ಣದ, ಅಕ್ಕಿಯ ಕಾಲು ಭಾಗದಷ್ಟು ಒಂದು ಕಾಳು ತೂಗುತ್ತಿತ್ತು.

ಮೊಟ್ಟೆ. ನನಗೆ ಕೂಡಲೇ ಗೊತ್ತಾಯಿತು. ಆದರೆ ಅತ್ತೆಯನ್ನು ಕರೆದು ತೋರಿಸಿದರೆ ಅವರು ಬೇರೆಯೇ ಪ್ರಶ್ನೆ ಕೇಳಿದರು.

"ನಿನ್ನ ಪುಸ್ತಕದಾಗ ಹುಳ ಹೋಗಿ ಪಾತರಗಿತ್ತಿ ಆಗತದ ಅಂದಿದ್ದೆಲ್ಲ," ಅಂದರು. "ಹುಳ ಪಾತರಗಿತ್ತಿ ಆಗೂದಿದ್ದರ ಕಣಜ ಯಾಕಾಗಬಾರದು?"

ಸರಿಯಾದ ಮಾತು. ನನ್ನ ಪುಸ್ತಕದ ಪುಟವೇ ಮಾವನವರ ಪಕ್ಷಕ್ಕೆ ಸೇರಿಬಿಟ್ಟಿತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ನೋಡದೆ ಬೇರೆ ದಾರಿಯಿರಲಿಲ್ಲ. ಮೂಲೆಯಲ್ಲಿ ಒಡೆದ ಕಂದೀಲಿನ ಗಾಜಿನ ಚೂರುಗಳಿದ್ದವು. ಆಗಷ್ಟೇ ಬಾಯಿ ಮುಚ್ಚಿದ್ದ ಇನ್ನೊಂದು ಗೂಡಿನ ಒಂದು ಮಗ್ಗುಲನ್ನು ಸೂಜಿಯಿಂದ ಮೆಲ್ಲಗೆ ಕೆರೆದು ತೆಗೆದೆ. ಒಂದು ಗಾಜಿನ ಚೂರನ್ನು ಅಲ್ಲಿಟ್ಟು ಸುತ್ತಲೂ ಮೇಣ ಮೆತ್ತಿದೆ. ಮಾವನವರಿಗೆ ಕಾಣದಿರಲೆಂದು ಗೋಡೆಯ ಕಡೆಗಿದ್ದ ಗೂಡನ್ನೇ ಆರಿಸಿದ್ದೆ. ಅವರು ಗುಡಿಗೆ ಹೋದ ಮೇಲೆ ದಿನಾ ಸಂಜೆ ಮಣೆಯ ಮೇಲೆ ಹತ್ತಿ, ಕತ್ತು ಡೊಂಕು ಮಾಡಿ ನೋಡುತ್ತಿದ್ದೆ. ಮೊದಮೊದಲು ಅತ್ತೆ ಬೈಯುತ್ತ ಮಣೆ ಹಿಡಿದು ನಿಲ್ಲುತ್ತಿದ್ದರು. ಆಮೇಲೆ ಬೈಯುವುದನ್ನು ಬಿಟ್ಟು, "ನೀ ಇಳಿ, ನಾ ನೋಡತೀನಿ" ಎನ್ನತೊಡಗಿದರು. ಮೊಣಕಾಲು ನೋವು ಅಡ್ಡ ಬರಲಿಲ್ಲ.

ಮೂರನೆಯ ದಿನ ಆ ಕಾಳು ಒಡೆದು ಸಣ್ಣ ಬಿಳಿ ಹುಳ ಬಂತು. ದಾರಕ್ಕೆ ಜೋತುಬಿದ್ದುಕೊಂಡೇ ಕೆಳಗಿದ್ದ ಹಸಿರು ಹುಳಕ್ಕೆ ಬಾಯಿ ಹಾಕಿತು. ಒಂದಾದ ಮೇಲೊಂದು ತಿನ್ನುತ್ತ ಹೋಯಿತು. ಹಸಿರು ಹುಳುಗಳು ಸುಕ್ಕಾಗಿ ಬರೀ ತೊಗಲಾದವು, ಬಿಳಿ ಹುಳ ದಪ್ಪಗಾಯಿತು. ಎಂಟು ಹತ್ತು ದಿನಗಳಲ್ಲಿ ಗೂಡಿನಲ್ಲಿ ಅದೊಂದೇ ಉಳಿಯಿತು, ಆಮೇಲೆ ನೂಲು ಸುತ್ತಿಕೊಂಡು ಮಲಗಿತು.

"ಯವ್ವಾ," ಅಂದರು ಅತ್ತೆ ಮಣೆಯಿಂದ ಇಳಿದು. "ನೆನಸೂದೂ ಇಲ್ಲ, ಏನೂ ಇಲ್ಲ. ಇವನ್ನ ತನ್ನ ಕೂಸಿಗೆ ಬುತ್ತಿ ಕಟ್ಟಿಟ್ಟು ಹೋಗ್ಯಾದ ಅದು."

ಇದನ್ನು ಮಾವನವರಿಗೆ ಹೇಳಬೇಕೆಂದು ನಾನು ಹಟ ಹಿಡಿದೆ. ಮರುದಿನ ಊಟವಾದ ಮೇಲೆ ಬಾಗಿಲ ಹಿಂದೆ ನಿಂತೆ. ಈ ಸಲ ಅತ್ತೆ ನನ್ನ ಮಾತನ್ನು ಒಂದಕ್ಷರ ಕೆಡಿಸದೆ ಮುಟ್ಟಿಸಿದರು. ಮಾವನವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು.

"ಅಕೀಗೆ ಹೇಳು," ಅಂದರು. "ಋಷಿಗಳು ಹೇಳಿದ್ದು ದೊಡ್ಡದೋ, ಕಂದೀಲಿನ ಗಾಜು ದೊಡ್ಡದೋ?"

"ಒಂದು ಸಲ ನೋಡ್ರಿ ಅಂತ ಹೇಳ್ರಿ," ಅಂದೆ.

"ಏನು ನೋಡೂದು? ಶಾಸ್ತ್ರಕ್ಕ ಕಣ್ಣಿನ ಸಾಕ್ಷಿ ಬೇಕಾಗಿಲ್ಲ."

"ನಲವತ್ತು ವರ್ಷದಿಂದ ಗೂಡು ತೋರಿಸಿ ಹೇಳತಾರಲ್ಲ, ಅದು ಕಣ್ಣಿನ ಸಾಕ್ಷಿ ಅಲ್ಲೇನು ಅಂತ ಕೇಳ್ರಿ."

ಅತ್ತೆ ಇದನ್ನು ಮಾತ್ರ ಮುಟ್ಟಿಸಲಿಲ್ಲ. "ಸಾಕಿನ್ನ, ಒಳಗ ನಡಿ" ಅಂದರು ನನಗೆ. ಅವರಿಗೆ ಕೇಳಿಸಿತ್ತು ಅನ್ನಿ, ಮೂರೇ ಮೊಳ.

ಆದರೆ ಮರುದಿನ ಬೆಳಗಿನ ಜಾವ ನಾನು ನೀರಿಗೆ ಹೋಗಲೆಂದು ಎದ್ದು ಬಂದರೆ, ಮಾವನವರು ಅದೇ ಮಣೆಯ ಮೇಲೆ ನಿಂತು, ಹಣತೆ ಹಿಡಿದು, ಕತ್ತು ಡೊಂಕು ಮಾಡಿ, ಗಾಜಿನೊಳಗೆ ನೋಡುತ್ತಿದ್ದರು. ನಾನು ಸದ್ದು ಮಾಡದೆ ಹಿಂದಕ್ಕೆ ಸರಿದೆ. ಎರಡು ದಿನ ಅವರು ಹಲಗೆಯ ಮೇಲಿನ ಪುಸ್ತಕಗಳನ್ನು ಇಳಿಸಿಕೊಂಡು ತಿರುವಿಹಾಕಿದರು. ಮೂರನೆಯ ದಿನ ಗುಡಿಯಿಂದ ಮನೆಗೆ ಬಂದಾಗ ಅವರ ಮುಖ ಹಬ್ಬದ ಮುಖವಾಗಿತ್ತು.

"ಕೇಳಿದೇನು," ಅಂದರು ಅತ್ತೆಗೆ. "ಹುಳ ಹುಳಾನ, ಕಣಜ ಕಣಜಾನ. ಒಂದು ಇನ್ನೊಂದು ಆಗೂದು ಒತ್ತಟ್ಟಿಗಿರಲಿ, ಅದರ ಹಂಗ ಸುದ್ದಾ ಆಗೂದಿಲ್ಲ. ಇನ್ನ ಜೀವ ದೇವರಾಗೂದು ಎಲ್ಲಿಂದ ಬಂತು? ಆ ದೇವದುರ್ಗದವಂದು ಮುಗೀತು ಇವತ್ತಿಗೆ."

ನಾನು ಬಾಗಿಲ ಹಿಂದೆ ಗೋಡೆಗೆ ಹಣೆ ಹಚ್ಚಿ ನಿಂತೆ. ನಾನು ಹುಳ ಏನು ತಿನ್ನುತ್ತದೆ ಎಂದು ನೋಡಿದ್ದೆ. ಅವರು ಅದರಲ್ಲಿ ವೈದ್ಯರನ್ನು ಸೋಲಿಸುವ ದಾರಿ ನೋಡಿದ್ದರು. ಅವರದೇ ದೃಷ್ಟಾಂತವೂ ಇದರಲ್ಲಿ ಮುರಿದುಬಿತ್ತು ಎನ್ನುವುದು ಅವರನ್ನು ಬಾಧಿಸಲೇ ಇಲ್ಲ. ವೈದ್ಯರದು ತಮ್ಮದಕ್ಕಿಂತ ಹೆಚ್ಚು ಮುರಿದಿದ್ದರೆ ಸಾಕಾಗಿತ್ತು.

ಕಾರ್ಡು ಬರೆದರೆ ಸಮಾಧಾನವಿಲ್ಲ, ಹೋಗಿ ತೋರಿಸಬೇಕೆಂದರು. ಬಡಿಗನನ್ನು ಕರೆಸಿ, ಗೂಡುಗಳು ಅಲುಗದ ಹಾಗೆ ಹಲಗೆಯನ್ನು ಕಳಚಿ, ಬೇಕಾದಷ್ಟು ಕೊಯ್ಯಿಸಿದರು. ಗಾಜಿನ ಗೂಡು ಒಂದು, ಮುಚ್ಚಿದ ಗೂಡುಗಳು ಮೂರು. ಮಡಿ ಅಡಿಗೆಗೆ ಯಾರಾದರೂ ಜೊತೆಗೆ ಬೇಕು, ಅತ್ತೆಗೆ ಗಾಡಿಯ ಪ್ರಯಾಣ ಆಗದು. ಹೀಗಾಗಿ ನಾನು ಹೊರಟೆ. ಹಲಗೆಯನ್ನು ಧೋತರದಲ್ಲಿ ಸುತ್ತಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡೆ.

ಮಾನ್ವಿಯಿಂದ ರಾಯಚೂರಿಗೆ, ಯುದ್ಧದ ಕಾಲವಾದ್ದರಿಂದ, ಇದ್ದಿಲು ಸುಟ್ಟು ಓಡುವ ಬಸ್ಸು. ಹೊಗೆ ಹಿಂದಿನಿಂದ ಒಳಗೆ ಬರುತ್ತಿತ್ತು. ದಾರಿಯುದ್ದಕ್ಕೂ ಮಾವನವರು ಪಕ್ಕದವರಿಗೆ, "ನಾನು ಗಾಜು ಹಾಕಿ ಪರೀಕ್ಷಾ ಮಾಡೀನಿ" ಎಂದು ಹೇಳುತ್ತಿದ್ದರು. ರಾಯಚೂರಿನಲ್ಲಿ ನಮ್ಮ ತವರುಮನೆಯಲ್ಲಿ ಇಳಿದೆವು. ನನ್ನ ಅಪ್ಪ ಎಲ್ಲ ಕೇಳಿ, ಕೈಮುಗಿದು, "ಈ ವಯಸ್ಸಿನಾಗ ಎಂಥಾ ಸೂಕ್ಷ್ಮ ದೃಷ್ಟಿ ನಿಮ್ಮದು" ಅಂದರು. ಅಡಿಗೆಮನೆಯಲ್ಲಿ ಅವ್ವನಿಗೆ ನಿಜ ಹೇಳಿದೆ. ಅವ್ವ, "ಇರಲಿ ಬಿಡವ್ವಾ, ಮನಿ ಹಿರ್ಯಾರು" ಅಂದಳು. ಅವ್ವನ ಮೇಲೂ ಸಿಟ್ಟು ಬಂತು.

ಅಲ್ಲಿಂದ ದೇವದುರ್ಗಕ್ಕೆ ಎತ್ತಿನ ಗಾಡಿ. ಅತ್ತೆ ಇಲ್ಲದ್ದರಿಂದ ಮಾವನವರಿಗೆ ನನ್ನ ಜೊತೆ ಮಾತಾಡಲು ಸೇತುವೆ ಇರಲಿಲ್ಲ. ಅವರು ಗಾಡಿಯವನನ್ನು ಹಿಡಿದರು. "ಗಾಜು ಸರಿಯಾಗಿ ಅದ ಏನು ಅಂತ ಕೇಳಪಾ" ಅನ್ನುತ್ತಿದ್ದರು. ಆ ಪುಣ್ಯಾತ್ಮ ಹಿಂದಕ್ಕೆ ತಿರುಗಿ, "ಗಾಜು ಸರಿ ಐತೇನ್ರಿ ಯವ್ವಾ?" ಎಂದು ಕೇಳುತ್ತಿದ್ದ. "ಅದ ಅಂತ ಹೇಳಪಾ" ಅನ್ನುತ್ತಿದ್ದೆ. "ಐತಂತ್ರಿ," ಎನ್ನುತ್ತಿದ್ದ. ಎತ್ತುಗಳಿಗೆ ನಮ್ಮಷ್ಟು ತಾಪತ್ರಯವಿರಲಿಲ್ಲ.

ವೈದ್ಯರು ತೆಳ್ಳಗಿನ, ನಗುಮುಖದ ಮನುಷ್ಯ. ಮಾವನವರನ್ನು ಕಂಡು ಅಪ್ಪಿಕೊಂಡರು. ವಾದವೆಲ್ಲ ಕಾರ್ಡಿನ ಮೇಲೆ. ಎದುರಿಗೆ ಬಂದರೆ ಒಬ್ಬರ ತಟ್ಟೆಗೆ ಇನ್ನೊಬ್ಬರು ತುಪ್ಪ ಬಡಿಸುವಷ್ಟು ಪ್ರೀತಿ. ಮರುದಿನ ಅವರ ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಂದಿ ಸೇರಿದರು. ನಾನು ಒಳಬಾಗಿಲಲ್ಲಿ ಹೆಂಗಸರ ಜೊತೆ ಕೂತೆ. ಮಾವನವರು ಹಲಗೆಯನ್ನು ನಡುವೆ ಇಟ್ಟು, ಬಹಳ ಚೆನ್ನಾಗಿ ಹೇಳಿದರು. ಅದನ್ನು ಅಲ್ಲಗಳೆಯಲಾರೆ. ಮೊಟ್ಟೆ ದಾರಕ್ಕೆ ತೂಗುವುದು, ಮೂರನೆಯ ದಿನ ಒಡೆಯುವುದು, ಒಂದೊಂದಾಗಿ ತಿನ್ನುವುದು, ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು.

ವೈದ್ಯರು ಗಾಜಿನೊಳಗೆ ನೋಡಿದರು. "ಇಲ್ಲಿ ಏನೋ ಮಲಕೊಂಡದ," ಅಂದರು. "ಹಸಿರು ಹುಳಾನ ಬೆಳ್ಳಗಾಗಿ ಮಲಕೊಂಡದೋ, ಅದನ್ನ ತಿಂದದ್ದು ಮಲಕೊಂಡದೋ, ನನಗ ಹೆಂಗ ಗೊತ್ತಾಗಬೇಕು?"

"ನಾ ಕಂಡೀನಿ," ಅಂದರು ಮಾವನವರು.

"ಆತಪಾ. ಹೊರಗ ಬರಲಿ, ನೋಡೂಣು. ನಾಕು ದಿವಸ ಇರು."

ಇದ್ದೆವು. ನಾಲ್ಕು ದಿನವೂ ಜನ ಬಂದು ಹಲಗೆಯ ಸುತ್ತ ಕೂತು, ಎಲೆಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ, ಮುಚ್ಚಿದ ಗೂಡೊಂದರಲ್ಲಿ ಕೆರೆಯುವ ಸದ್ದು ಕೇಳಿತು. ಎಲ್ಲರೂ ಬಾಗಿದರು. ಮಣ್ಣು ಉದುರಿ ತೂತಾಯಿತು. ಒಳಗಿನಿಂದ ಹೊರಬಂದದ್ದು ಕುಂಬಾರ ಹುಳ ಅಲ್ಲ.

ನವಿಲಿನ ಕತ್ತಿನ ಬಣ್ಣದ ಒಂದು ಹುಳ. ಹಸಿರು ನೀಲಿ ಬೆರೆತು ಥಳಥಳ ಹೊಳೆಯುತ್ತಿತ್ತು. ಸಣ್ಣ ಸೊಂಟವಿಲ್ಲ, ಹಳದಿ ಕೆಂಪು ಇಲ್ಲ. ರೆಕ್ಕೆ ಒಣಗಿಸಿಕೊಂಡು, ಹಲಗೆಯ ಅಂಚಿಗೆ ನಡೆದು, ಕಿಟಕಿಯಿಂದ ಹಾರಿ ಹೋಯಿತು.

ಎಲ್ಲರೂ ಕಿಟಕಿಯ ಕಡೆಗೇ ನೋಡಿದರು. ಮೊದಲು ಮಾತಾಡಿದವರು ವೈದ್ಯರು. ಅವರು ನಗಲಿಲ್ಲ, ಅದೇ ಇನ್ನೂ ಕೆಟ್ಟದಾಗಿತ್ತು.

"ಒಳಗ ಹೋದದ್ದು ಹುಳ. ನೀ ಅಂದಂಗ ಕಣಜದ ತತ್ತಿನೂ ಇತ್ತು ಅನ್ನು. ಬಂದದ್ದು ಎರಡೂ ಅಲ್ಲ," ಅಂದರು. "ನೀ ಕಂಡದ್ದರಾಗ ಇದು ಇತ್ತೇನು?"

ಮಾವನವರು ಗೂಡಿನ ತೂತಿಗೆ ಬೆರಳಿಟ್ಟು ನೋಡಿದರು. ಅವರು ಎದ್ದು ನಿಂತು, ಅಷ್ಟು ಜನರ ಎದುರಿಗೆ, ಒಳಬಾಗಿಲ ಕಡೆ ತಿರುಗಿ ನನ್ನನ್ನೇ ನೋಡಿದರು.

"ಏನಿದು?" ಎಂದು ಕೇಳಿದರು.

ಮದುವೆಯಾಗಿ ಒಂದೂವರೆ ವರ್ಷಕ್ಕೆ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ಎಲ್ಲ ತಲೆಗಳೂ ತಿರುಗಿದವು. ನನಗೆ ಗೊತ್ತಿದ್ದಾಗ ಒಬ್ಬರೂ ನನ್ನನ್ನು ಕೇಳಲಿಲ್ಲ. ಗೊತ್ತಿಲ್ಲದಾಗ ಹನ್ನೆರಡು ಜನ ಗಂಡಸರು ನನ್ನ ಬಾಯಿ ನೋಡುತ್ತ ಕೂತಿದ್ದರು.

"ನನಗ ಗೊತ್ತಿಲ್ಲ ಮಾವಾ," ಅಂದೆ.

ಆಮೇಲೆ ಎಲ್ಲರಿಗೂ ಎಲ್ಲವೂ ಗೊತ್ತಾಗಿಬಿಟ್ಟಿತು. ಒಬ್ಬರು ಇದು ಮಾಯೆ ಅಂದರು. ಇನ್ನೊಬ್ಬರು ಆ ಹುಳ ಹೋದ ಜನ್ಮದಲ್ಲಿ ನವಿಲನ್ನು ನೆನೆದಿರಬೇಕು ಅಂದರು. ಮೂರನೆಯವರು ಗೂಡಿಗೆ ಸೊಸೆಯ ಮೈಲಿಗೆಯ ಕೈ ತಾಗಿದ್ದರಿಂದ ಹೀಗಾಯಿತು ಅಂದರು. ಇನ್ನೆರಡು ಗೂಡುಗಳಿವೆ, ಗಾಜಿನದೊಂದಿದೆ, ಇನ್ನು ಸ್ವಲ್ಪ ದಿನ ನೋಡೋಣ ಎಂದು ಒಬ್ಬರೂ ಅನ್ನಲಿಲ್ಲ. ಮಾವನವರು ಆ ಮಧ್ಯಾಹ್ನವೇ ಗಾಡಿ ಕಟ್ಟಿಸಿದರು.

ಮಸರಕಲ್ಲಿಗೆ ಬರುವಾಗ ಬಿಸಿಲು ಇಳಿದಿತ್ತು. ಮಾವನವರು ಸಂಧ್ಯಾವಂದನೆಗೆಂದು ಬಾವಿಯ ಕಡೆ ಹೋದರು. ನಾನು ಗಾಡಿಯಲ್ಲೇ ಇದ್ದೆ. ತೊಡೆಯ ಮೇಲಿನ ಹಲಗೆಯಲ್ಲಿ ಕರಕರ ಅಂದಿತು. ಧೋತರ ಬಿಚ್ಚಿದೆ. ಗಾಡಿಯ ಕುಲುಕಿಗೆ ಮೇಣ ಸಡಿಲಾಗಿ ಗಾಜು ಸರಿದಿತ್ತು. ಆ ಸಂದಿನಿಂದ ಕುಂಬಾರ ಹುಳ, ಸಣ್ಣ ಸೊಂಟದ್ದು, ಹಳದಿ ಪಟ್ಟೆಯದು, ಅಪ್ಪಟ ಕುಂಬಾರ ಹುಳ ಹೊರಗೆ ಬರುತ್ತಿತ್ತು. ನಾನು ಮಾವನವರನ್ನು ಕೂಗಬೇಕೆಂದು ಬಾಯಿ ತೆರೆದೆ. ಆಚಮನ ಮಾಡುತ್ತಿರುವವರನ್ನು ಕೂಗುವುದು ಹೇಗೆ? ಅಷ್ಟರಲ್ಲಿ ಗಾಡಿಯವನು ನೋಡಿದ.

"ಸರೀರಿ ಯವ್ವಾ, ಕಡಿತೈತಿ," ಎಂದು ಹೆಗಲ ಮೇಲಿನ ಟವೆಲ್ಲಿನಿಂದ ಒಂದು ಬೀಸಿದ. ಅದು ಹಾರಿಹೋಯಿತು.

ಮಾವನವರು ಬಂದ ಮೇಲೆ ಹೇಳಿದೆ, ನೇರವಾಗಿಯೇ. ಅವರು ಖಾಲಿ ಗೂಡನ್ನು ನೋಡಿ, "ಇನ್ನ ಆ ವಿಷಯ ಬ್ಯಾಡ" ಅಂದರು. ಹಲಗೆಯನ್ನು ತಾವೇ ಧೋತರದಲ್ಲಿ ಸುತ್ತಿ ಗಾಡಿಯ ಮೂಲೆಗೆ ತಳ್ಳಿದರು.

ಮನೆಗೆ ಬಂದು, ಹಿತ್ತಲಲ್ಲಿ ಅತ್ತೆಯ ಮುಂದೆ ಕೂತು ಎಲ್ಲ ಹೇಳಿಕೊಂಡೆ. ಹೇಳುತ್ತ ಅಳುವೇ ಬಂತು. ಅತ್ತೆ ಶೇಂಗಾ ಸುಲಿಯುತ್ತಿದ್ದರು.

"ನವಿಲ ಬಣ್ಣದ್ದೇನು?" ಅಂದರು. "ಅದು ದಿನಾ ಬರತದಲ್ಲ. ಕುಂಬಾರ ಹುಳ ಬಾಯಿ ಮುಚ್ಚಿ ಹೋಗೂತನಕ ಗ್ವಾಡಿಗೆ ಕೂತಿರತದ. ಅದು ಹೋದಮ್ಯಾಲ ಬಂದು, ಗೂಡಿಗೆ ತೂತು ಹಾಕಿ, ಹಿಂದಿನ ತುದಿ ಒಳಗಿಟ್ಟು, ಮತ್ತ ಮುಚ್ಚಿ ಹೋಗತದ. ಕಾಗಿ ಗೂಡಿನಾಗ ಕೋಗಿಲಿ ಇಡೂದಿಲ್ಲೇನು, ಹಂಗ."

ನಾನು ಅಳುವುದನ್ನು ಬಿಟ್ಟೆ. "ನೀವು ಯಾವಾಗ ನೋಡಿದ್ರಿ?"

"ಯಾವಾಗ ಅಂದ್ರ? ಈ ಮನಿಗೆ ಬಂದಾಗಿಂದ ನೋಡತೀನಿ. ಹಿತ್ತಲ ಗ್ವಾಡಿ ತುಂಬ ಅದಾವ ಗೂಡು."

"ಹಂಗಾದ್ರ ಯಾಕ ಹೇಳಲಿಲ್ಲ ಅತ್ತಿ?"

"ನೀ ಕೇಳಿದ್ದೇನು?"

ಕೇಳಿರಲಿಲ್ಲ. ನಾನು ಮಣೆ ಹಿಡಿದುಕೊಳ್ಳಿರಿ ಅಂದಿದ್ದೆ, ಗಾಜಿನೊಳಗೆ ನೋಡಿರಿ ಅಂದಿದ್ದೆ, ಮಾವನವರಿಗೆ ಹೇಳಿರಿ ಅಂದಿದ್ದೆ. ನಿಮಗೇನು ಗೊತ್ತು ಎಂದು ಒಮ್ಮೆಯೂ ಕೇಳಿರಲಿಲ್ಲ. ಇಡೀ ಪ್ರಯಾಣದಲ್ಲಿ ನಾನು ಎಲ್ಲರ ಮೇಲೂ ಸಿಟ್ಟಾಗಿದ್ದೆ. ಆ ಹೊತ್ತು ನನ್ನ ಮೇಲೆಯೇ ಬಂದ ಸಿಟ್ಟಿನ ಮುಂದೆ ಅದೇನೂ ಅಲ್ಲ.

ಮುಂದಿನ ವರ್ಷ ಇಬ್ಬರೂ ಸೇರಿ ಹಿತ್ತಲ ಗೋಡೆಯನ್ನು ಕಾದೆವು. ಅತ್ತೆ ಹೇಳಿದ್ದು ಅಕ್ಷರಶಃ ನಿಜ. ನವಿಲ ಬಣ್ಣದ್ದು ತೂತು ಹಾಕಿ ಹೋದ ಗೂಡಿಗೆ ನಾನು ಸುಣ್ಣದ ಚುಕ್ಕೆ ಇಟ್ಟೆ. ಚುಕ್ಕೆ ಇಟ್ಟ ಗೂಡು ಐದು. ಒಂದರಿಂದ ಏನೂ ಬರಲಿಲ್ಲ, ಉಳಿದವುಗಳಿಂದ ನವಿಲ ಬಣ್ಣದ್ದೇ ಬಂತು. ಈ ಸಲ ಅತ್ತೆಯೇ ಪಡಸಾಲೆಗೆ ಹೋಗಿ, "ಎದ್ದು ಬರ್ರಿ, ತೋರಸ್ತೀನಿ" ಎಂದು ಮಾವನವರನ್ನು ಹಿತ್ತಲಿಗೆ ಕರೆತಂದರು. ಅವರು ಬಂದರು, ನೋಡಿದರು, ಒಳಗೆ ಹೋಗಿ ದೇವದುರ್ಗಕ್ಕೆ ಒಂದು ಉದ್ದನೆಯ ಕಾರ್ಡು ಬರೆದರು. ಅದರಲ್ಲಿ "ನಮ್ಮ ಮನೆಯ ಹೆಂಗಸರು ಕಂಡಂತೆ" ಎಂದು ಬರೆದಿದ್ದರಂತೆ. ನನ್ನ ಗಂಡ ಟಪಾಲಿಗೆ ಹಾಕುವಾಗ ಓದಿ ಬಂದು ಹೇಳಿದರು.

ವೈದ್ಯರ ಉತ್ತರ ಹದಿನೈದು ದಿನಕ್ಕೆ ಬಂತು. ಹುಳ ಕಣಜವಾಗುವುದಿಲ್ಲ ಎನ್ನುವುದನ್ನು ಅವರು ಒಪ್ಪಿದ್ದರು. ಆದರೆ ದೃಷ್ಟಾಂತ ತಪ್ಪಿದರೆ ಸಿದ್ಧಾಂತ ತಪ್ಪಾಗುವುದಿಲ್ಲ, ಬೇರೆ ದೃಷ್ಟಾಂತಗಳು ಬೇಕಾದಷ್ಟಿವೆ ಎಂದು ಬರೆದು, ಹಾವು ಮತ್ತು ಹಗ್ಗದ ವಾದವನ್ನು ಎತ್ತಿಕೊಂಡಿದ್ದರು. ಮಾವನವರಿಗೆ ಮತ್ತೆ ಊಟ ರುಚಿಸದಾಯಿತು.

ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಕಾರ್ತಿಕದಲ್ಲಿ ಒಂದು ಸಂಜೆ ನಾನೂ ಅತ್ತೆಯೂ ಪ್ರಾಣದೇವರ ಗುಡಿಗೆ ಹೋದೆವು. ಮಾವನವರು ಪುರಾಣ ಹೇಳುತ್ತಿದ್ದರು. ಕಣಜ ಹುಳವನ್ನು ಸೆರೆ ಹಾಕಿತು, ಹುಳ ಕಣಜವನ್ನೇ ನೆನೆಯಿತು, ನೆನೆದೂ ನೆನೆದೂ... ಮುದುಕಿಯರು ಕಣ್ಣೊರೆಸಿಕೊಂಡರು. ನನ್ನ ಬಾಯಿಂದ "ಹಂಗಲ್ಲ ಅದು" ಎಂದು ಹೊರಟೇಬಿಟ್ಟಿತು. ಅತ್ತೆ ನನ್ನ ತೊಡೆ ಜಿಗುಟಿದರು.

ಮನೆಗೆ ಹೋಗುವಾಗ ಮಾವನವರು ಮುಂದೆ, ನಾವಿಬ್ಬರೂ ಹತ್ತು ಹೆಜ್ಜೆ ಹಿಂದೆ. ಸಂತೆ ಬೀದಿಯ ತಿರುವಿನಲ್ಲಿ ಅವರು ನಿಂತರು.

"ಏನಂದಿ ಗುಡಿಯಾಗ?" ಎಂದು ನನ್ನನ್ನೇ ಕೇಳಿದರು.

"ಹಂಗಲ್ಲ ಅಂದೆ. ನೀವ ಹಿತ್ತಲಾಗ ನಿಂತು ನೋಡೀರಿ. ಮತ್ತ ಯಾಕ ಹಂಗ ಹೇಳತೀರಿ?"

"ಹುಳ ಕಣಜದ ಧ್ಯಾನ ಮಾಡತದಂದ್ರ ಆ ಹೆಣ್ಣುಮಕ್ಕಳು ಮನಿಗೆ ಹೋಗಿ ಒಂದು ಸಲರೆ ದೇವರನ್ನ ನೆನೀತಾರ. ತಿಂದು ತೊಗಲು ಉಳಿಸ್ತು ಅಂದ್ರ ಏನು ನೆನೀಬೇಕವರು?"

"ಸುಳ್ಳು ಹೇಳಿ ನೆನಸೂದೇನು ಮಾವಾ?"

"ಸುಳ್ಳಲ್ಲ. ದೃಷ್ಟಾಂತ."

"ಮತ್ತ ದೇವದುರ್ಗದವರು ಕಾರ್ಡಿನ್ಯಾಗ ಬರೇ ದೃಷ್ಟಾಂತ ಅದು ಅಂದಾಗ ನಿಮಗ ಸಿಟ್ಟು ಬಂದಿತ್ತಲ್ಲ."

ಅವರು ಮುಂದೆ ನಡೆದರು. ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿ, ವೈದ್ಯರ ವಾದಕ್ಕೂ ತಮ್ಮ ವಾದಕ್ಕೂ ಇರುವ ವ್ಯತ್ಯಾಸವನ್ನು ಬೆರಳು ಮಡಚಿ ಹೇಳತೊಡಗಿದರು. ನಾನೂ ಬಿಡಲಿಲ್ಲ. ಬೀದಿಯವರು ಬಾಗಿಲಿಗೆ ಬಂದು ನಿಂತು, ಮಾವ ಸೊಸೆ ದಾರಿಯಲ್ಲಿ ನಿಂತು ವಾದ ಮಾಡುವುದನ್ನು ನೋಡಿದರು. ಅತ್ತೆ ನಮ್ಮಿಬ್ಬರನ್ನೂ ಬಿಟ್ಟು, ಮೊಣಕಾಲು ಹಿಡಿದುಕೊಂಡು, ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೇನೆಂದು ಮುಂದೆ ನಡೆದುಬಿಟ್ಟರು.